ಸಿ ಪ್ರೋಗ್ರಾಮನ್ನು ಕಂಪೈಲ್ ಮಾಡದೆ ನೇರವಾಗಿ ಓಡಿಸಬಹುದೇ?

ಪ್ರಶ್ನೆ (ಬ್ಯಾಡಗಿಯಿಂದ): ನಮಸ್ಕಾರ ಮೇಡಂ. ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ರೈತರ ಪಟ್ಟಿಗಾಗಿ ಸಿ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ: ಚೀಲಗಳ ತೂಕ ಕೂಡಿಸಿ, ಖಾಲಿ ಚೀಲದ ತೂಕ ಕಳೆದು, ಹಮಾಲಿ ಮುರಿದುಕೊಂಡು ಮೊತ್ತ ತೋರಿಸುತ್ತದೆ. ದರ ಬದಲಾದಾಗ ಅಂಗಡಿಯ ಹುಡುಗ ಕಡತ ತಿದ್ದುತ್ತಾನೆ, ಕಂಪೈಲ್ ಮಾಡುವುದನ್ನು, ಅಂದರೆ ಯಂತ್ರಭಾಷೆಗೆ ತಿರುಗಿಸುವುದನ್ನು, ಬಿಡುತ್ತಾನೆ. ಪಟ್ಟಿಯಲ್ಲಿ ಹಳೆಯ ದರವೇ ಬರುತ್ತದೆ. ಪೈಥಾನ್‌ನಂತೆ ಸಿ ಕಡತವನ್ನೇ ಓಡಿಸಲು ಬರುತ್ತದೆಯೇ? ನಮ್ಮಲ್ಲಿರುವುದು ಲಿನಕ್ಸ್.

ಉತ್ತರ (ಹುಬ್ಬಳ್ಳಿಯ ಸಾಫ್ಟ್‌ವೇರ್ ಎಂಜಿನಿಯರ್): ಬರುತ್ತದೆ ಸರ್. ಕಂಪೈಲ್ ತಪ್ಪುವುದಿಲ್ಲ, ಪ್ರತಿ ಸಲ ಓಡಿಸುವಾಗ ತಾನಾಗಿಯೇ ಆಗುತ್ತದೆ. ನಿಮಗೆ ಬೇಕಾದದ್ದೂ ಅದೇ.

ಫಬ್ರೀಸ್ ಬೆಲ್ಲಾರ್ ಬರೆದ ಟೈನಿ ಸಿ ಕಂಪೈಲರ್, ಅಂದರೆ ಟಿಸಿಸಿ, ಹಾಕಿಕೊಳ್ಳಿ. ಅದರಲ್ಲಿ ‘ರನ್’ ಎಂಬ ಆಯ್ಕೆಯಿದೆ. ಸಿ ಕಡತವನ್ನು ಮೆಮೊರಿಯಲ್ಲೇ ಯಂತ್ರಭಾಷೆಗೆ ತಿರುಗಿಸಿ ಅಲ್ಲಿಂದಲೇ ಓಡಿಸುತ್ತದೆ. ಡಿಸ್ಕಿನಲ್ಲಿ ಹಳೆಯ ಪ್ರತಿ ಉಳಿಯುವ ಪ್ರಶ್ನೆಯೇ ಇಲ್ಲ. ಕಡತದ ಮೊಟ್ಟಮೊದಲ ಸಾಲಿನಲ್ಲಿ #! ಹಾಕಿ, ಅದಕ್ಕೆ ಹತ್ತಿಸಿಯೇ ಟಿಸಿಸಿ ಇರುವ ಪೂರ್ಣ ಹಾದಿ, ಒಂದು ಖಾಲಿ ಜಾಗ, ನಂತರ ಹೈಫನ್ ಸಮೇತ ರನ್ ಎಂದು ಬರೆಯಿರಿ. ಕಡತಕ್ಕೆ ಓಡುವ ಅನುಮತಿ ಕೊಟ್ಟರೆ ಮುಗಿಯಿತು. ಸಿ ಭಾಷೆಗೆ ಆ ಸಾಲು ಒಪ್ಪಿಗೆಯಿಲ್ಲದಿದ್ದರೂ ಟಿಸಿಸಿ ಅದನ್ನು ದಾಟಿ ಮುಂದೆ ಓದುತ್ತದೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಬಳಸುವ ಸಿ ಕಂಪೈಲರ್ ಜಿಸಿಸಿ ಮಾತ್ರ ಅಲ್ಲೇ ತಕರಾರು ತೆಗೆಯುತ್ತದೆ.

ಪೂರ್ಣ ಹಾದಿಯ ಬದಲು ಪೈಥಾನಿನವರಂತೆ, ಪ್ರೋಗ್ರಾಮನ್ನು ಹೆಸರಿನಿಂದಲೇ ಹುಡುಕಿ ಓಡಿಸುವ ‘ಎನ್ವ್’ ಬಳಸಿದರೆ ಎಡವುತ್ತೀರಿ. ಲಿನಕ್ಸ್ ಆ ಸಾಲಿನಲ್ಲಿ ಪ್ರೋಗ್ರಾಂ ಹೆಸರಿನ ನಂತರ ಇರುವುದನ್ನೆಲ್ಲ ಒಂದೇ ತುಂಡಾಗಿ ಕೊಡುತ್ತದೆ. ಆಗ ಎನ್ವ್ ‘ಟಿಸಿಸಿ -ರನ್’ ಎಂಬ ಇಡೀ ಹೆಸರಿನ ಪ್ರೋಗ್ರಾಮನ್ನು ಹುಡುಕಿ, ಅಂಥದ್ದು ಇಲ್ಲ ಎನ್ನುತ್ತದೆ. ಎನ್ವ್ ನಂತರ -ಎಸ್ ಸೇರಿಸಿದರೆ ತುಂಡು ಒಡೆಯುತ್ತದೆ. ಇಂಗ್ಲಿಷಿನ ದೊಡ್ಡಕ್ಷರದ ಎಸ್ ಇರಬೇಕು.

ಹುಡುಗ ಅರ್ಧವಿರಾಮ ಬಿಟ್ಟರೆ ಏನು ಎನ್ನುವಿರಿ. ಪ್ರೋಗ್ರಾಂ ಓಡುವುದೇ ಇಲ್ಲ, ಸಾಲಿನ ಸಂಖ್ಯೆ ತೋರಿಸಿ ನಿಲ್ಲುತ್ತದೆ. ರೈತರ ಕೈಗೆ ತಪ್ಪು ಪಟ್ಟಿ ಹೋಗುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಟಿಸಿಸಿ ಎಚ್ಚರಿಕೆಗಳನ್ನು ಕೊಡುವುದು ಕಡಿಮೆ. ಲೆಕ್ಕದ ಕ್ರಮವನ್ನೇ ಬದಲಿಸಿದ ದಿನ ಮೊದಲ ಸಾಲು ತೆಗೆದ ಪ್ರತಿಯೊಂದನ್ನು ಜಿಸಿಸಿಗೆ ಕೊಟ್ಟು, ಎಲ್ಲ ಎಚ್ಚರಿಕೆಗಳನ್ನು ತೋರಿಸುವಂತೆ ಒಮ್ಮೆ ಪರೀಕ್ಷಿಸಿ. ಇದನ್ನು ದಯವಿಟ್ಟು ತಪ್ಪಿಸಬೇಡಿ, ಇನ್ನೊಬ್ಬರ ದುಡಿಮೆಯ ಹಣವದು.

ನೀವು ಕೇಳದಿದ್ದರೂ ಹೇಳುತ್ತೇನೆ: ಹಮಾಲಿ ದರಕ್ಕೆ ಪ್ರೋಗ್ರಾಮಿನೊಳಗೆ ಜಾಗ ಕೊಡಬೇಡಿ. ಬೇರೊಂದು ಪಠ್ಯ ಕಡತದಲ್ಲಿಟ್ಟು ಅಲ್ಲಿಂದ ಓದಿಸಿ. ಹುಡುಗ ಅದನ್ನಷ್ಟೇ ಮುಟ್ಟಲಿ.

ಪ್ರಶ್ನೆ (ಧಾರವಾಡದಿಂದ): ಮೇಡಂ, ಕಾಲೇಜಿನಲ್ಲಿ ಜಾವಾ ಕಲಿಸುತ್ತೇನೆ. ಜಾವಾಗೂ ಈ ಸೌಲಭ್ಯ ಇದೆಯೇ?

ಉತ್ತರ: 2018ರಲ್ಲಿ ಬಂದ ಜಾವಾ 11ರಿಂದ ಇದೆ ಸರ್. ‘ಜಾವಾ’ ಆದೇಶಕ್ಕೆ ಮೂಲ ಕಡತದ ಹೆಸರನ್ನೇ ಕೊಟ್ಟರೆ ಸಾಕು, ಕಂಪೈಲ್ ಆದ ಕ್ಲಾಸ್ ಕಡತ ಡಿಸ್ಕಿನಲ್ಲಿ ಹುಟ್ಟುವುದಿಲ್ಲ. ಆಗ ಇಡೀ ಪ್ರೋಗ್ರಾಂ ಒಂದೇ ಕಡತದಲ್ಲಿರಬೇಕಿತ್ತು. 2024ರ ಜಾವಾ 22ರಿಂದ ಹಲವು ಕಡತಗಳಿದ್ದರೂ ನಡೆಯುತ್ತದೆ. ಆದರೂ ಹೊಸ ವಿದ್ಯಾರ್ಥಿಗಳು ಮೊದಮೊದಲು ಜಾವಾದ ಕಂಪೈಲರ್ ಆದ ಜಾವಾಸಿಯನ್ನು ಕೈಯಾರೆ ಓಡಿಸಲಿ. ಕ್ಲಾಸ್ ಕಡತವನ್ನು ಕಣ್ಣಾರೆ ಕಂಡವರಿಗೆ ಜಾವಾದ ವರ್ಚುವಲ್ ಯಂತ್ರ ಏನು ಮಾಡುತ್ತದೆಂದು ಬಿಡಿಸಿ ಹೇಳುವುದು ಸುಲಭ.

ಪ್ರಶ್ನೆ (ಗದಗಿನಿಂದ): ನಮ್ಮ ಮುದ್ರಣಾಲಯದಲ್ಲಿ ಕಡತಗಳ ಹೆಸರು ಬದಲಿಸುವ, ಗೋ ಭಾಷೆಯ ಪ್ರೋಗ್ರಾಮನ್ನು ‘ಗೋ ರನ್’ ಆದೇಶದಿಂದ ನೇರವಾಗಿ ಓಡಿಸುತ್ತೇವೆ. ಗ್ರಾಹಕರಿಗೂ ಹೀಗೆಯೇ ಕೊಡಬಹುದೇ ಮೇಡಂ?

ಉತ್ತರ: ಬೇಡ. ಅವರ ಕಂಪ್ಯೂಟರಿನಲ್ಲೂ ಗೋ ಇರಬೇಕಾಗುತ್ತದೆ. ‘ಗೋ ಬಿಲ್ಡ್’ ಮಾಡಿ, ಸಿದ್ಧವಾದ ಕಡತವನ್ನು ಕೊಡಿ. ನಿಮ್ಮಲ್ಲೂ ಒಂದನ್ನು ಗಮನಿಸಿ: ನಿಮ್ಮ ಪ್ರೋಗ್ರಾಂ ಮುಗಿಯುವಾಗ ಫಲಿತಾಂಶ ತಿಳಿಸಲು 3 ಎಂಬ ಸಂಖ್ಯೆ ಕೊಟ್ಟರೂ ‘ಗೋ ರನ್’ ಹೊರಗೆ ಕೊಡುವುದು 1. ಆ ಸಂಖ್ಯೆ ನೋಡಿ ಮುಂದಿನ ಕೆಲಸ ನಿರ್ಧರಿಸುವ ಸ್ಕ್ರಿಪ್ಟ್ ಇದ್ದರೆ ಅಲ್ಲಿಯೂ ಬಿಲ್ಡ್ ಮಾಡಿದ ಕಡತವನ್ನೇ ಬಳಸಿ.