ಅಪ್‌ಡೇಟ್: ವಜೀರ್‌ನಲ್ಲಿ ಮೊದಲು ಬಾವಿಯೋ, ಮಾತುಕತೆಯೋ?

ಉತ್ತರ ಕೀನ್ಯಾದ ಒಣನಾಡಿನಲ್ಲಿ ಪಶುಪಾಲಕ ಕುಲಗಳ ನಡುವೆ ಶಾಂತಿ ನೆಲೆಸಲು ಮೊದಲು ಕೊಳವೆಬಾವಿ ಬೇಕೋ, ಮಾತುಕತೆ ಬೇಕೋ ಎಂದು ಹಿಂದೆ ಕೇಳಿದ್ದೆ. ನೀವು ಸೂಚಿಸಿದಂತೆ ಆ ಒಣನಾಡಿನಲ್ಲೇ ಇರುವ ವಜೀರ್ ಪ್ರದೇಶದ ಇತಿಹಾಸವನ್ನು ಓದಿದೆ. 1990ರ ದಶಕದ ಆರಂಭದಲ್ಲಿ, ಬರ ಮತ್ತು ಕುಲಕಲಹಗಳ ನಡುವೆ, ಅಲ್ಲಿನ ಶಾಂತಿ ಕಾರ್ಯಕರ್ತೆ ದೇಖಾ ಇಬ್ರಾಹಿಂ ಅಬ್ದಿ ಮತ್ತಿತರ ಮಹಿಳೆಯರು ಮೊದಲು ಕೈಹಾಕಿದ್ದು ಎಲ್ಲ ಕುಲದವರೂ ಮಾರುಕಟ್ಟೆಯಲ್ಲಿ ನಿರ್ಭಯವಾಗಿ ಕೊಂಡು ಮಾರುವಂತೆ ನೋಡಿಕೊಳ್ಳುವ ಕೆಲಸಕ್ಕೆ. ಆಮೇಲೆ ಕುಲಗಳ ಹಿರಿಯರು 1993ರ ಅಲ್ ಫತಾಹ್ ಘೋಷಣೆ ಎಂಬ ಶಾಂತಿ ಒಪ್ಪಂದಕ್ಕೆ ಒಪ್ಪಿದರು, 1995ರಲ್ಲಿ ಮಹಿಳೆಯರ, ಹಿರಿಯರ ಇಂಥ ಗುಂಪುಗಳು ಜಿಲ್ಲಾಡಳಿತದೊಂದಿಗೆ ವಜೀರ್ ಶಾಂತಿ ಮತ್ತು ಅಭಿವೃದ್ಧಿ ಸಮಿತಿಯಾಗಿ ಒಂದುಗೂಡಿದವು. ಹಾಗೆಂದು ನೀರು ಗೌಣವಲ್ಲ: ಯಾರ ಮೇವಿನ ನೆಲದಲ್ಲಿ, ಯಾರ ಒಪ್ಪಿಗೆಯಿಂದ ಎಂಬುದು ಮೊದಲೇ ತೀರ್ಮಾನವಾಗದಿದ್ದರೆ ಹೊಸ ಬಾವಿಯೇ ಜಗಳಕ್ಕೆ ಮೂಲವಾಗಬಹುದು. ಆದ್ದರಿಂದ ನಾನು ಸಿದ್ಧಪಡಿಸುತ್ತಿರುವ ಟಿಪ್ಪಣಿಯಲ್ಲಿ ಬಾವಿಯ ವೆಚ್ಚಕ್ಕಿಂತ ಮೊದಲು ಮೇವು-ನೀರಿನ ಹಂಚಿಕೆಯ ಒಪ್ಪಂದವನ್ನು ಚರ್ಚಿಸುತ್ತಿದ್ದೇನೆ.