ಅಪ್‌ಡೇಟ್: ಸ್ಯಾನ್ ಹೋಸೆ ಗೆಳತಿ ಜೊತೆ ಮಾತು ಮತ್ತೆ ಶುರುವಾಯ್ತು

ಆಗ ಕೇಳಿದ್ನಲ್ಲ, ನಾನು ಮೈಸೂರಲ್ಲಿ, ಅವ್ಳು ಅಮೆರಿಕದ ಸ್ಯಾನ್ ಹೋಸೆಲಿ, ವಿಡಿಯೋ ಕಾಲ್‌ಗೆ ಟೈಮೇ ಕೂಡ್ತಿಲ್ಲ ಏನ್ ಮಾಡ್ಲಿ ಅಂತ. ನೀವು ಹೇಳಿದ ಹಾಗೆ ಕಾಲ್ ಹಠ ಬಿಟ್ಟು ವಾಟ್ಸಾಪ್ ವಾಯ್ಸ್ ನೋಟ್ ಶುರು ಮಾಡಿದ್ವಿ, ನಾನು ದೋಸೆ ಹುಯ್ತಾ ಏನೋ ಒದರ್ತೀನಿ, ಅವ್ಳು ಆಫೀಸಿಂದ ಡ್ರೈವ್ ಮಾಡ್ತಾ ಕೇಳ್ತಾಳೆ, ಹಿಂದೆ ಕುಕ್ಕರ್ ಕೂಗಿದ್ರೆ 'ಏನೇ ಸಾರು ಇವತ್ತು' ಅಂತಾಳೆ. ಒಂದೊಂದ್ಸಲ 11 ನಿಮಿಷದ್ದು ಕಳಿಸ್ತಾಳೆ ಪುಣ್ಯಾತ್ಗಿತ್ತಿ, ನಾನು 1.5 ಸ್ಪೀಡಲ್ಲಿ ಕೇಳೋದು (ಅವಳಿಗೆ ಹೇಳ್ಬೇಡಿ).

ಕಾಲ್ ಭಾನುವಾರ ಬೆಳಿಗ್ಗೆ 8ಕ್ಕೆ ಮಾತ್ರ, ಅಲ್ಲಿ ಶನಿವಾರ ಸಂಜೆ 7:30. ಆದ್ರೆ ನವೆಂಬರಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕಿಡ್ತಾರಂತೆ, ಅಂತರ 12.5ರಿಂದ 13.5 ಗಂಟೆ ಆಯ್ತು, ನಂಗೆ ಗೊತ್ತೇ ಇರ್ಲಿಲ್ಲ, ಫೋನ್ ಮಾಡಿದ್ರೆ ಅವ್ಳಿನ್ನೂ ಅಂಗಡಿ ಕ್ಯೂನಲ್ಲಿ. ಈಗ 9ಕ್ಕೆ ಮಾಡ್ಕೊಂಡಿದೀವಿ.