ಬ್ರಿಟನ್ ಗ್ರಾಜುಯೇಟ್ ವೀಸಾ 18 ತಿಂಗಳಿಗೆ ಇಳಿದಿದೆ, ಮಂಡ್ಯದಿಂದ ಯಾರಿಗೆ ಬರೆಯೋದು?

ಮದ್ದೂರು ಅಪ್ಪ:
ಮಗಳು ಲೀಡ್ಸ್‌ನಲ್ಲಿ ಎಂ.ಎಸ್‌ಸಿ. ಓದ್ತಿದ್ದಾಳೆ. ಪ್ಲೇಸ್‌ಮೆಂಟ್ (ಓದಿನ ಭಾಗವಾಗಿ ಕಂಪನಿಯಲ್ಲಿ ಮಾಡೋ ಕೆಲಸ) ಸೇರಿ ಎರಡು ವರ್ಷದ ಕೋರ್ಸು. 2025ರ ಜನವರಿಯಲ್ಲಿ ಸೇರಿದಾಗ, ಓದು ಮುಗಿದ ಮೇಲೆ ಎರಡು ವರ್ಷ ಅಲ್ಲೇ ಕೆಲಸ ಮಾಡಬಹುದು ಅಂತಿತ್ತು. ಆ ಲೆಕ್ಕದ ಮೇಲೇ ಮನೆ ಪತ್ರ ಅಡ ಇಟ್ಟು ಸಾಲ ಎತ್ತಿದ್ದು. ಈಗ ನೋಡಿದರೆ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು ಮಾತ್ರವಂತೆ. ಅವಳ ರಿಸಲ್ಟ್ ಬರೋದೇ ಅದಾದ ಮೇಲೆ. ನಮ್ಮ ಕಡೆಯ ಇನ್ನೂ ನಾಲ್ಕು ಮನೆಯವರದ್ದು ಇದೇ ಪಾಡು. ಎಲ್ಲರೂ ಸಹಿ ಮಾಡಿ ಬ್ರಿಟನ್ ಪಾರ್ಲಿಮೆಂಟಿಗೆ ಕಳಿಸಿದರೆ ಏನಾದರೂ ಪ್ರಯೋಜನ ಆದೀತಾ?

ಸರಸ್ವತಿಪುರಂ ಹುಡುಗಿ:
ಅಣ್ಣ, ನಾನು ಮ್ಯಾಂಚೆಸ್ಟರ್‌ನಲ್ಲಿ ಓದಿ, ಇದೇ ವೀಸಾದಲ್ಲಿ ಕೆಲಸ ಮಾಡಿ ಈಗ ಮೈಸೂರಲ್ಲಿದ್ದೀನಿ. ಮದ್ದೂರಿಂದ ಹಾಕಿದ ಸಹಿ ಲೆಕ್ಕಕ್ಕೆ ಬರಲ್ಲ. ಅಲ್ಲಿನ ಪಾರ್ಲಿಮೆಂಟ್ ಅರ್ಜಿಗೆ ಸಹಿ ಹಾಕೋಕೆ ಆ ದೇಶದಲ್ಲಿ ವಾಸ ಇರಬೇಕು, ಇಲ್ಲ ಅಲ್ಲಿನ ಪ್ರಜೆ ಆಗಿರಬೇಕು. ತಮ್ಮ ಕ್ಷೇತ್ರದಲ್ಲಿ ಇಲ್ಲದವರ ಪತ್ರವನ್ನ ಎಂಪಿಗಳು ಸಾಮಾನ್ಯವಾಗಿ ಕೈಗೆತ್ತಿಕೊಳ್ಳಲ್ಲ.

ಆದರೆ ನಿಮ್ಮ ಮಗಳು ಬರೆದರೆ ಮಾತೇ ಬೇರೆ. ಕಾಮನ್‌ವೆಲ್ತ್ ದೇಶದವರು ಅನ್ನೋ ಕಾರಣಕ್ಕೆ ಅಲ್ಲಿ ವಾಸ ಇರುವ ಭಾರತೀಯರಿಗೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ವೋಟು ಇದೆ, ಸ್ಟೂಡೆಂಟ್ ವೀಸಾದವರಿಗೂ. ನಮ್ಮ ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇಲ್ಲ, ಹೊಟ್ಟೆ ಉರಿಯುತ್ತೆ ನನಗೆ. ಮೊದಲು ಮತದಾರರ ಪಟ್ಟಿಗೆ ಹೆಸರು ಸೇರಿಸಲಿ. ಆಮೇಲೆ ಎಂಪಿಗೆ ಈಮೇಲ್ ಬರೆಯಲಿ. ಮನೆ ವಿಳಾಸ, ಪೋಸ್ಟ್‌ಕೋಡ್ ಎರಡೂ ಪತ್ರದ ತಲೆಯಲ್ಲೇ ಇರಬೇಕು. ತಮ್ಮ ಕ್ಷೇತ್ರದವರಾ ಅಂತ ಕಚೇರಿಯವರು ನೋಡೋದು ಅದರಿಂದಲೇ.

'ಎಲ್ಲರಿಗೂ ಎರಡು ವರ್ಷ ಕೊಡಿ' ಅಂದರೆ ಸರ್ಕಾರದ ನೀತಿ ಹೀಗಿದೆ ಅಂತ ಸಿದ್ಧ ಉತ್ತರ ಬಂದು ಅಲ್ಲಿಗೇ ಮುಗಿಯುತ್ತೆ. ಈ ಕಡಿತದ ಮಾತು ಸರ್ಕಾರ ತನ್ನ ಯೋಜನೆ ತಿಳಿಸೋ ಶ್ವೇತಪತ್ರದಲ್ಲಿ ಬಂದದ್ದು 2025ರ ಮೇನಲ್ಲಿ, ಮಗಳು ಸೇರಿದ್ದು ಅದಕ್ಕೂ ಮುಂಚೆ. ಹಾಗಾಗಿ 'ಘೋಷಣೆಗೆ ಮೊದಲೇ ಸೇರಿದವರಿಗೆ ಹಳೇ ನಿಯಮವೇ ಇರಲಿ, ವಲಸೆ ಖಾತೆ ಮಂತ್ರಿಗೆ ಬರೆದು ಕೇಳಿ' ಅನ್ನೋ ಒಂದೇ ಬೇಡಿಕೆ ಸಾಕು. ಸಾಲದ ವಿಷಯ, ಕೋರ್ಸಿನ ತಾರೀಕು ಬರೆಯಲಿ. ಸರ್ಕಾರದ್ದೇ ವಲಸೆ ಸಲಹಾ ಸಮಿತಿ 2024ರ ಮೇನಲ್ಲಿ ಈ ವೀಸಾ ಇದ್ದ ಹಾಗೇ ಮುಂದುವರಿಯಲಿ ಅಂದಿತ್ತು, ಅದನ್ನೂ ಸೇರಿಸಲಿ.

ಕೆ.ಆರ್. ಪೇಟೆ ಮೇಷ್ಟ್ರು:
ಪತ್ರ ಬರೆಯಲಿ, ಬೇಡ ಅನ್ನಲ್ಲ. ಆದರೆ ಸರ್ಕಾರ ಮನಸ್ಸು ಬದಲಾಯಿಸೋವರೆಗೆ ಬ್ಯಾಂಕಿನವರು ಕಾಯ್ತಾರಾ? ಸ್ಕಿಲ್ಡ್ ವರ್ಕರ್ ವೀಸಾ (ಕಂಪನಿ ಮೂಲಕ ಸಿಗೋ ಕೆಲಸದ ವೀಸಾ) ಸ್ಪಾನ್ಸರ್ ಮಾಡೋ ಕಂಪನಿ ಹುಡುಕೋಕೆ ಈಗಲೇ ಶುರು ಮಾಡಲಿ.

ಸರಸ್ವತಿಪುರಂ ಹುಡುಗಿ:
ನಿಜ ಸರ್, ಕೆಲಸ ಹುಡುಕೋದು ನಿಲ್ಲಿಸಬಾರದು. ಆದರೆ ಕೇಳದೆ ಯಾವುದೂ ವಾಪಸ್ ಬಂದಿಲ್ಲ. 2012ರಲ್ಲಿ ಅಲ್ಲಿ ಈ ಥರದ ವೀಸಾ ಪೂರ್ತಿ ನಿಲ್ಲಿಸಿದ್ದರು. ಯೂನಿವರ್ಸಿಟಿಗಳು, ವಿದ್ಯಾರ್ಥಿ ಸಂಘಗಳು ವರ್ಷಗಟ್ಟಲೆ ಬೆನ್ನು ಬಿದ್ದವು. 2019ರಲ್ಲಿ ಒಪ್ಪಿದರು, 2021ರ ಜುಲೈನಲ್ಲಿ ಮತ್ತೆ ಶುರುವಾಯ್ತು. ನನಗೆ ಅಲ್ಲಿ ಕೆಲಸ ಮಾಡೋಕೆ ಆಗಿದ್ದು ಅವರ ದೆಸೆಯಿಂದ.

ಮದ್ದೂರು ಅಪ್ಪ:
ತುಂಬಾ ಉಪಕಾರ ಆಯ್ತಮ್ಮ. ವೋಟಿನ ವಿಷಯ ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಕ್ಕಿಲ್ಲ. ಐದೂ ಮಕ್ಕಳು ಬೇರೆ ಬೇರೆ ಊರಲ್ಲಿದ್ದಾರೆ. ಒಂದೇ ಪತ್ರ ಮಾಡಿ ಎಲ್ಲರೂ ಕಳಿಸಬಹುದಾ?

ಸರಸ್ವತಿಪುರಂ ಹುಡುಗಿ:
ಬೇಡ ಅಣ್ಣ. ಒಂದೇ ಒಕ್ಕಣೆಯ ಪತ್ರಗಳನ್ನ ಒಟ್ಟು ಹಾಕಿ ಒಂದೇ ಉತ್ತರ ಕೊಟ್ಟುಬಿಡ್ತಾರೆ. ಬೇಡಿಕೆ ಒಂದೇ ಇರಲಿ, ಅವರವರ ಕಥೆ ಅವರವರೇ ಬರೆದು ಅವರವರ ಎಂಪಿಗೇ ಕಳಿಸಲಿ. ಎಂಪಿಗಳು ಕ್ಷೇತ್ರದಲ್ಲಿ ಜನರನ್ನ ಭೇಟಿ ಮಾಡೋ ದಿನ ಇರುತ್ತೆ, ಹೆಚ್ಚಾಗಿ ಶುಕ್ರವಾರ ಇಲ್ಲ ಶನಿವಾರ. ಸಮಯ ಕೇಳಿಕೊಂಡು ಮುಖತಃ ಹೋಗಿ ಹೇಳಿದರೆ ಇನ್ನೂ ಒಳ್ಳೇದು. ಮಗಳು ಕರಡು ಬರೆದ ಮೇಲೆ ಇಲ್ಲಿ ಹಾಕಿ, ನಾನು ನೋಡಿಕೊಡ್ತೀನಿ. ಹೆಸರು, ವಿಳಾಸ ತೆಗೆದು ಹಾಕಿ.